ಟೋಟಲ್ ಕೌಂಟ್ ಪಕ್ಕದ ಕೆಂಪು 'ಎಚ್'

ರಾತ್ರಿ ಹತ್ತರ ಹೊತ್ತಿಗೆ ಚಿಕ್ಕಮ್ಮನ ಮೆಸೇಜ್ ಬಂತು. ಲ್ಯಾಬ್‌ನವರು ಕಳಿಸಿದ ಪಿಡಿಎಫ್, ಅದರ ಕೆಳಗೆ ಒಂದೇ ಸಾಲು: 'ಇದೇನೋ ಇದು, ಕೆಂಪಗಿದೆ?' ಟೋಟಲ್ ಕೌಂಟ್, ಅಂದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಒಟ್ಟು ಲೆಕ್ಕ, 13,800. ಪಕ್ಕದಲ್ಲಿ ದಪ್ಪಗೆ ಒಂದು 'ಎಚ್', ಅಂದರೆ 'ಹೈ', ಜಾಸ್ತಿ. ನಾನು ಫೋನ್ ಮಾಡುವಷ್ಟರಲ್ಲಿ ಅವರು ಗೂಗಲ್‌ನಲ್ಲಿ ಹುಡುಕಿ ಮುಗಿಸಿದ್ದರು. ಮೊದಲ ಪುಟದಲ್ಲೇ ಬ್ಲಡ್ ಕ್ಯಾನ್ಸರ್ ಸಿಕ್ಕಿತ್ತು.

ಈಗ ಇದು ಎಲ್ಲರ ಮನೆಯ ಕಥೆ. ಮೊದಲೆಲ್ಲ ರಿಪೋರ್ಟ್ ಕವರಿನಲ್ಲಿ ಬರುತ್ತಿತ್ತು. ಡಾಕ್ಟರ್ ಬಿಚ್ಚಿ ನೋಡಿ, 'ಪರವಾಗಿಲ್ಲ' ಎಂದೋ 'ಇನ್ನೊಂದು ಟೆಸ್ಟ್ ಮಾಡೋಣ' ಎಂದೋ ಹೇಳುತ್ತಿದ್ದರು. ಈಗ ರಿಪೋರ್ಟ್ ಮೊದಲು ಬೀಳುವುದು ನಮ್ಮ ಫೋನಿಗೆ. ಡಾಕ್ಟರ್ ಸಿಗುವುದು ಮಾರನೇ ದಿನವೋ, ಅದರಾಚೆಗೋ. ನಡುವಿನ ರಾತ್ರಿಯಲ್ಲಿ ಹೆದರಿಕೆಗೆ ಬೇಕಾದಷ್ಟು ಜಾಗ. ಇನ್ನು ಕೆಲವರು ಹೆದರುವುದೇ ಇಲ್ಲ. 'ಕೌಂಟ್ ಜಾಸ್ತಿ ಅಂದ್ರೆ ಇನ್‌ಫೆಕ್ಷನ್, ಅಷ್ಟೇ' ಎಂದು ತಾವೇ ತೀರ್ಮಾನಿಸಿ, ಕಳೆದ ಸಲ ಉಳಿದಿದ್ದ ಆಂಟಿಬಯಾಟಿಕ್ ನುಂಗುತ್ತಾರೆ. ನನ್ನ ಪ್ರಕಾರ ಇಬ್ಬರದ್ದೂ ಒಂದೇ ತಪ್ಪು. ಆ ಪುಟದಲ್ಲಿ ಎಲ್ಲಕ್ಕಿಂತ ಕಡಿಮೆ ವಿಷಯ ಹೇಳುವ ಸಾಲನ್ನು ಮಾತ್ರ ಓದಿ ಇಬ್ಬರೂ ಕಥೆ ಕಟ್ಟಿರುತ್ತಾರೆ.

ಮೊದಲು ಆ 'ಎಚ್' ಎಲ್ಲಿಂದ ಬರುತ್ತದೆ ನೋಡೋಣ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ, ಅಂದರೆ ಒಂದು ಮಿಲಿಲೀಟರಿನ ಸಾವಿರದ ಒಂದು ಪಾಲಿಗೆ, ಸುಮಾರು 4,000ದಿಂದ 11,000 ಬಿಳಿ ರಕ್ತಕಣ ಇದ್ದರೆ ನಾರ್ಮಲ್ ಎನ್ನುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ಇದು ಸ್ವಲ್ಪ ಆಚೀಚೆ ಆಗುತ್ತದೆ. ಈ ಗೆರೆಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಲ್ಲ. ಆರೋಗ್ಯವಾಗಿರುವ ತುಂಬಾ ಜನರ ರಕ್ತ ತೆಗೆದು ಎಣಿಸಿ, ನಡುವಿನ ಶೇ. 95 ಜನರ ಅಂಕಿಗಳನ್ನು ಒಳಗೆ ಬಿಟ್ಟು, ಎರಡು ತುದಿಗಳನ್ನು ಕತ್ತರಿಸುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಜನರಲ್ಲಿ ಎರಡು ಮೂರು ಜನರಿಗೆ 'ಎಚ್' ಬಂದೇ ಬರುತ್ತದೆ. ಲೆಕ್ಕವೇ ಹಾಗಿದೆ. ಮಕ್ಕಳ ಗೆರೆ ಬೇರೆ. ಆಗ ತಾನೇ ಹುಟ್ಟಿದ ಮಗುವಿಗೆ 20,000 ಇದ್ದರೂ ಯಾರೂ ಗಾಬರಿಯಾಗುವುದಿಲ್ಲ. ಬಸುರಿಯರಲ್ಲೂ ಕೌಂಟ್ ಏರುತ್ತದೆ, ಹೆರಿಗೆ ನೋವಿನ ಹೊತ್ತಿಗೆ ಇನ್ನೂ ಮೇಲಕ್ಕೆ ಹೋಗುತ್ತದೆ. ದೊಡ್ಡವರ ಗೆರೆಯನ್ನೇ ಇವರ ರಿಪೋರ್ಟಿಗೂ ಹಾಕಿದರೆ ಕೆಂಪು ಬೀಳದೆ ಇನ್ನೇನು?

ಇನ್ನೊಂದು ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಸೂಜಿಯಲ್ಲಿ ಎಳೆದ ರಕ್ತಕ್ಕೆ ಸಿಗುವುದು ಹರಿಯುತ್ತಿರುವ ಕಣಗಳು ಮಾತ್ರ. ಬಿಳಿ ಕಣಗಳಲ್ಲಿ ಹೆಚ್ಚಿನ ಪಾಲು ನ್ಯೂಟ್ರೋಫಿಲ್ ಎಂಬ ಜಾತಿಯವು. ರಕ್ತನಾಳದೊಳಗಿರುವ ಈ ನ್ಯೂಟ್ರೋಫಿಲ್‌ಗಳಲ್ಲಿ ಹೆಚ್ಚೂ ಕಡಿಮೆ ಅರ್ಧ ಹರಿಯುತ್ತಲೇ ಇರುವುದಿಲ್ಲ. ನಾಳದ ಗೋಡೆಗೆ ಮೆತ್ತಗೆ ಅಂಟಿಕೊಂಡು, ಉರುಳಿಕೊಂಡು, ಕಾಯುತ್ತಾ ಇರುತ್ತವೆ. ಅದೂ ಸಾಲದು ಎಂಬಂತೆ ಮೂಳೆಯ ಮಜ್ಜೆಯಲ್ಲಿ ತಯಾರಾಗಿ ನಿಂತ ದೊಡ್ಡ ದಾಸ್ತಾನು ಬೇರೆ. ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ಹುಟ್ಟಿಸುತ್ತದೆ. ರಕ್ತಕ್ಕೆ ಇಳಿದ ಮೇಲೆ ಅವು ಅಲ್ಲಿರುವುದು ಕೆಲವೇ ಗಂಟೆ.

ಈಗ ಯೋಚಿಸಿ. ನೀವು ಲಿಫ್ಟ್ ಕೆಟ್ಟಿದೆ ಎಂದು ನಾಲ್ಕು ಮಹಡಿ ಓಡಿ ಹತ್ತಿ, ಏದುಸಿರು ಬಿಡುತ್ತಾ ಲ್ಯಾಬಿನ ಕುರ್ಚಿಯಲ್ಲಿ ಕೂತು ತೋಳು ಚಾಚುತ್ತೀರಿ. ಅಡ್ರಿನಲಿನ್ ಏರಿದೆ, ರಕ್ತ ಜೋರಾಗಿ ಹರಿಯುತ್ತಿದೆ. ಗೋಡೆಗೆ ಅಂಟಿದ್ದ ಕಣಗಳು ಕಿತ್ತುಕೊಂಡು ಹರಿವಿಗೆ ಸೇರುತ್ತವೆ. ಒಂದೇ ಒಂದು ಹೊಸ ಕಣ ಹುಟ್ಟದೆಯೂ ಕೌಂಟ್ ಮೇಲೇರುತ್ತದೆ, ಅದೂ ನಿಮಿಷಗಳಲ್ಲಿ. ಇದು ಹೊಸ ಸಂಗತಿಯೂ ಅಲ್ಲ. ರಾಲ್ಫ್ ಲ್ಯಾರಬೀ ಎಂಬ ವೈದ್ಯರು ಬಾಸ್ಟನ್ ಮ್ಯಾರಥಾನ್ ಓಡಿದವರ ರಕ್ತ ಪರೀಕ್ಷಿಸಿ, ಓಟದ ನಂತರ ಬಿಳಿ ಕಣ ಏರುವುದನ್ನು 1902ರಷ್ಟು ಹಿಂದೆಯೇ ಬರೆದಿಟ್ಟಿದ್ದರು. ಭಯ, ನೋವು, ಫಿಟ್ಸ್, ಆಪರೇಷನ್, ಸುಟ್ಟ ಗಾಯ, ಹಾರ್ಟ್ ಅಟ್ಯಾಕ್, ಇವೆಲ್ಲದರಲ್ಲೂ ಕೌಂಟ್ ಏರುತ್ತದೆ. ರಕ್ತ ಕೊಡುವಾಗ ಕಿರುಚಿ ಅತ್ತ ಮಗುವಿನ ಕೌಂಟ್ ಕೂಡ ಸ್ವಲ್ಪ ಜಾಸ್ತಿ ಬರಬಹುದು. ಪಾಪ, ಅಳಿಸಿದ್ದು ಸೂಜಿ, ಗಾಬರಿ ಅಪ್ಪ ಅಮ್ಮನಿಗೆ.

ಚಿಕ್ಕಮ್ಮನಿಗೆ ನಾನು ಹೇಳಿದ್ದು ಒಂದೇ. 'ಕೆಂಪು ಬಿಟ್ಟುಬಿಡಿ. ಅದರ ಕೆಳಗಿನ ಐದು ಸಾಲು ಓದಿ.'

ಆ ಐದು ಸಾಲಿಗೆ ಡಿಫರೆನ್ಶಿಯಲ್ ಕೌಂಟ್ ಎನ್ನುತ್ತಾರೆ, ಲ್ಯಾಬ್ ಮಾತಿನಲ್ಲಿ ಬರೀ 'ಡಿಸಿ'. ಬಿಳಿ ಕಣ ಅನ್ನುವುದು ಒಂದು ಕಣವಲ್ಲ, ಐದು ಬೇರೆ ಬೇರೆ ಜಾತಿ. ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್, ಇಯೊಸಿನೊಫಿಲ್, ಬೇಸೊಫಿಲ್. ಪ್ರತಿಯೊಂದರ ಕೆಲಸ ಬೇರೆ, ಏರುವ ಕಾರಣ ಬೇರೆ. ಟೋಟಲ್ ಕೌಂಟ್ ಇವೆಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ತೂಗುತ್ತದೆ, ಅಷ್ಟೇ.

ಚಿಕ್ಕಮ್ಮ ಒಂದೊಂದೇ ಓದಿದರು, ಎಲ್ಲ ಶೇಕಡಾ ಲೆಕ್ಕ. ನ್ಯೂಟ್ರೋಫಿಲ್ 82. ಲಿಂಫೋಸೈಟ್ 13. ಮೋನೋಸೈಟ್ 5. ಇಯೊಸಿನೊಫಿಲ್ 0. ಬೇಸೊಫಿಲ್ 0. ನಾನು ಇಯೊಸಿನೊಫಿಲ್ ಸೊನ್ನೆ ಹತ್ತಿರ ನಿಂತೆ. ಚಿಕ್ಕಮ್ಮನಿಗೆ ವರ್ಷಗಳಿಂದ ಉಬ್ಬಸ. ಅಲರ್ಜಿ, ಉಬ್ಬಸ ಇರುವವರಲ್ಲಿ ಏರುವ ಕಣವೇ ಇಯೊಸಿನೊಫಿಲ್. ಹಳೆಯ ರಿಪೋರ್ಟುಗಳಲ್ಲಿ ಅವರಿಗೆ ಅದು ಏಳು ಎಂಟು ಇರುತ್ತಿತ್ತು. ಈಗ ಇದ್ದಕ್ಕಿದ್ದಂತೆ ಎಲ್ಲಿಗೆ ಹೋಯಿತು?

'ಮಾತ್ರೆ ಏನಾದರೂ ತಗೊಂಡಿದ್ರಾ?'

'ಉಬ್ಬಸ ಜೋರಾಯ್ತು ಅಂತ ಐದು ದಿನದ್ದು ಕೊಟ್ಟಿದ್ರು ಕಣೋ. ನಿನ್ನೆಗೆ ಮುಗೀತು.'

ಸ್ಟೀರಾಯ್ಡ್. ಅದರ ಗುರುತು ಹೀಗೇ ಇರುತ್ತದೆ: ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಪಾಲು ಕೆಳಗೆ, ಇಯೊಸಿನೊಫಿಲ್ ಮಾಯ. ಸ್ಟೀರಾಯ್ಡ್ ಮಾತ್ರೆ ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ಮಜ್ಜೆಯ ದಾಸ್ತಾನಿನಿಂದ ನ್ಯೂಟ್ರೋಫಿಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಗೋಡೆಗೆ ಅಂಟಿದ್ದವು ಬಿಟ್ಟುಕೊಳ್ಳುತ್ತವೆ. ರಕ್ತದಿಂದ ಅಂಗಾಂಶಕ್ಕೆ ಇಳಿದು ಹೋಗಬೇಕಾದವು ಹೋಗದೆ ಅಲ್ಲೇ ಸುತ್ತುತ್ತವೆ. ಕೌಂಟ್ 15,000, ಕೆಲವರಲ್ಲಿ 20,000 ಕೂಡ ದಾಟುತ್ತದೆ. ಇಷ್ಟಾದರೂ ರಕ್ಷಣೆ ಹೆಚ್ಚಿತು ಎಂದಲ್ಲ. ಕಣ ರಕ್ತದಲ್ಲಿ ಜಾಸ್ತಿ ಕಾಣುವುದೇ ಅದು ಕೆಲಸದ ಜಾಗಕ್ಕೆ ಹೋಗುತ್ತಿಲ್ಲ ಎಂಬ ಕಾರಣಕ್ಕೂ ಇರಬಹುದು. ಅಂಕಿ ಮೇಲೆ, ಶಕ್ತಿ ಕೆಳಗೆ! ಉಬ್ಬಸದ ಕೆಲವು ಔಷಧಿಗಳು, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ, ಕೀಮೋ ನಂತರ ಕೌಂಟ್ ಏರಿಸಲೆಂದೇ ಕೊಡುವ ಇಂಜೆಕ್ಷನ್, ಇವೂ ಹೀಗೆ ಏರಿಸುತ್ತವೆ. ರಿಪೋರ್ಟ್ ನೋಡುವ ಮೊದಲು 'ಯಾವ ಮಾತ್ರೆ ತಗೋತಿದೀರಿ' ಎಂಬ ಪ್ರಶ್ನೆ ಬರಬೇಕು. ಬಹಳ ಕಡೆ ಬರುವುದಿಲ್ಲ.

ಡಿಸಿ ಓದುವಾಗ ಒಂದು ಸಣ್ಣ ಗುಣಾಕಾರ ಮಾಡಬೇಕು. ಶೇಕಡಾವಾರು ಅಂಕಿ ಮೋಸ ಮಾಡುತ್ತದೆ. ಚಿಕ್ಕಮ್ಮನ ಲಿಂಫೋಸೈಟ್ 13 ಎಂದರೆ ಕಡಿಮೆ ಎನಿಸುತ್ತದೆ. 13,800ರ ಶೇ. 13 ಅಂದರೆ 1,794. ಅದು ಸರಿಯಾಗಿಯೇ ಇದೆ. ನ್ಯೂಟ್ರೋಫಿಲ್ ಜಾಗ ಹೆಚ್ಚು ಹಿಡಿದದ್ದಕ್ಕೆ ಪಾಲು ಸಣ್ಣದಾಗಿ ಕಂಡಿದೆ. ಇದಕ್ಕೆ ತದ್ವಿರುದ್ಧವೂ ಇದೆ, ನನಗೆ ಅದೇ ಹೆಚ್ಚು ಮುಖ್ಯ. ಅರವತ್ತೈದು ದಾಟಿದ ಒಬ್ಬರ ಟೋಟಲ್ 10,500 ಎಂದಿಟ್ಟುಕೊಳ್ಳಿ. ಟೋಟಲ್ ಪಕ್ಕ ಕೆಂಪು ಇಲ್ಲ, ಎಲ್ಲ ನಿರಾಳ. ಆದರೆ ಅದರಲ್ಲಿ ಲಿಂಫೋಸೈಟ್ ಶೇ. 70. ಗುಣಿಸಿದರೆ 7,350. ದೊಡ್ಡವರಲ್ಲಿ ಲಿಂಫೋಸೈಟ್ 5,000 ದಾಟಿ ಮೂರು ತಿಂಗಳಾದರೂ ಇಳಿಯದಿದ್ದರೆ ವೈದ್ಯರು ಸುಮ್ನೆ ಬಿಡುವುದಿಲ್ಲ. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರ್, ಸಿಎಲ್ಎಲ್, ಎಷ್ಟೋ ಸಲ ಸಿಕ್ಕಿಬೀಳುವುದು ಹೀಗೇ, ಬೇರೆ ಯಾವುದಕ್ಕೋ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ. ಅದು ಸಿಕ್ಕಿದರೂ ಅನೇಕರಿಗೆ ವರ್ಷಗಟ್ಟಲೆ ಔಷಧಿಯೇ ಬೇಕಾಗುವುದಿಲ್ಲ, ನೋಡುತ್ತಾ ಇದ್ದರೆ ಸಾಕಾಗುತ್ತದೆ. ಅಂತೂ 13,800ಕ್ಕೆ ನಿದ್ದೆ ಬರಲಿಲ್ಲ, 10,500ಕ್ಕೆ ನೆಮ್ಮದಿಯಾಗಿ ಮಲಗಿದೆವು. ಉಲ್ಟಾ ಆಯಿತಲ್ವಾ?

ಒಂದೊಂದು ಜಾತಿ ಯಾಕೆ ಏರುತ್ತದೆ ಎಂಬುದು ಹೀಗೆ. ನ್ಯೂಟ್ರೋಫಿಲ್ ಏರಿದರೆ ಮೊದಲ ಅನುಮಾನ ಬ್ಯಾಕ್ಟೀರಿಯಾ ಸೋಂಕಿನ ಮೇಲೆ: ನ್ಯುಮೋನಿಯಾ, ಅಪೆಂಡಿಕ್ಸ್, ಮೂತ್ರದ ಸೋಂಕು ಕಿಡ್ನಿಗೆ ಏರಿದ್ದು, ಎಲ್ಲೋ ಒಳಗೆ ಕೀವು. ಕುರುವಿನಲ್ಲಿ ಕಾಣುವ ಹಳದಿ ಕೀವಿನಲ್ಲಿ ಬಹುಪಾಲು ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ. ಸೋಂಕು ಜೋರಾದಾಗ ಮಜ್ಜೆ ಪೂರ್ತಿ ಬೆಳೆಯದ ಕಣಗಳನ್ನೂ ಕಳಿಸಿಬಿಡುತ್ತದೆ. ಬೆಳೆದ ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರು ನಾಲ್ಕು ಹಾಲೆಗಳಾಗಿರುತ್ತದೆ. ಬೆಳೆಯದವುಗಳದ್ದು ಬಾಗಿದ ಪಟ್ಟಿಯ ಹಾಗೆ. ಅದಕ್ಕೇ ಇವಕ್ಕೆ 'ಬ್ಯಾಂಡ್' ಎಂದು ಹೆಸರು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಮಿಯರ್ ಪರೀಕ್ಷೆಯಲ್ಲಿ ಇವು ಜಾಸ್ತಿ ಕಂಡರೆ, ನ್ಯೂಟ್ರೋಫಿಲ್ ಒಳಗೆ ದಪ್ಪ ಕಪ್ಪು ಕಾಳುಗಳು ಕಂಡರೆ, ಸೋಂಕಿನ ಅನುಮಾನ ಗಟ್ಟಿಯಾಗುತ್ತದೆ. ಬರೀ ಸ್ಟೀರಾಯ್ಡ್‌ನಿಂದ ಏರಿದ್ದರೆ ಸಾಮಾನ್ಯವಾಗಿ ಈ ಚಿತ್ರ ಇರುವುದಿಲ್ಲ.

ಲಿಂಫೋಸೈಟ್ ಹೆಚ್ಚಾಗಿ ಏರುವುದು ವೈರಸ್‌ಗೆ. ಒಂದು ಮಜವಾದ ಅಪವಾದ ಇದೆ, ನಾಯಿಕೆಮ್ಮು. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ಆದರೆ ಏರುವುದು ಲಿಂಫೋಸೈಟ್. ಆ ಬ್ಯಾಕ್ಟೀರಿಯಾ ಬಿಡುವ ವಿಷ ಲಿಂಫೋಸೈಟ್‌ಗಳನ್ನು ರಕ್ತದಿಂದ ಹೊರಗೆ ಹೋಗದಂತೆ ತಡೆಯುತ್ತದೆ. ದಾರಿ ಬಂದ್ ಆದ ಮೇಲೆ ಒಳಗೇ ಜನಸಂದಣಿ. ಹಸುಗೂಸುಗಳಲ್ಲಿ ಈ ಏರಿಕೆ ಜೀವಕ್ಕೇ ಕುತ್ತು ತರುವಷ್ಟು ಆಗಬಹುದು.

ಇಯೊಸಿನೊಫಿಲ್ ಏರಿದರೆ ಅಲರ್ಜಿ, ಉಬ್ಬಸ, ಯಾವುದೋ ಔಷಧಿಗೆ ಮೈ ಒಗ್ಗದಿರುವುದು, ಇಲ್ಲವೇ ಹುಳು. ಹುಳು ಎಂದರೆ ನಗಬೇಡಿ. ಸ್ಟ್ರಾಂಜಿಲಾಯ್ಡಿಸ್ ಎಂಬ ಕರುಳಿನ ಹುಳು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಅದು ಇರುವವರಿಗೆ ಗೊತ್ತಿಲ್ಲದೆ ಹೆಚ್ಚು ಸ್ಟೀರಾಯ್ಡ್ ಕೊಟ್ಟರೆ ಮೈಯೆಲ್ಲ ಹರಡಿ ಪ್ರಾಣ ತೆಗೆಯಬಹುದು. ಇಯೊಸಿನೊಫಿಲ್ 1,500 ದಾಟಿ ಅಲ್ಲೇ ನಿಂತರೆ ಹೃದಯ, ಶ್ವಾಸಕೋಶಕ್ಕೆ ಏಟು ಬೀಳದಂತೆ ನೋಡಿಕೊಳ್ಳಬೇಕು. ಮೋನೋಸೈಟ್ ಏರಿಕೆ ಕ್ಷಯದಂಥ ದೀರ್ಘ ಕಾಯಿಲೆಗಳಲ್ಲಿ ಕಾಣುತ್ತದೆ. ಬೇಸೊಫಿಲ್ ಏರುವುದು ಅಪರೂಪ, ಅದಕ್ಕೆ ಮತ್ತೆ ಬರುತ್ತೇನೆ.

ವರ್ಷಗಳಿಂದ 12,000, 12,500 ಎಂದು ಅಲ್ಲಲ್ಲೇ ಇರುವ ಕೌಂಟಿನವರೂ ಇದ್ದಾರೆ. ಜ್ವರ ಇಲ್ಲ, ತೂಕ ಇಳಿದಿಲ್ಲ, ಟೆಸ್ಟ್ ಮೇಲೆ ಟೆಸ್ಟ್ ಮಾಡಿಸಿ ಸುಸ್ತಾಗಿರುತ್ತಾರೆ. ಇವರಿಗೆ ಮೊದಲು ಕೇಳಬೇಕಾದದ್ದು ಸಿಗರೇಟ್ ಬಗ್ಗೆ. ಸಿಗರೇಟ್ ಸೇದುವವರ ಕೌಂಟ್ ಸೇದದವರಿಗಿಂತ ಜಾಸ್ತಿಯೇ ಇರುತ್ತದೆ. ಬಿಟ್ಟ ಮೇಲೆ ನಿಧಾನಕ್ಕೆ ಇಳಿಯುತ್ತದೆ. ಬೊಜ್ಜು ಕೂಡ ಹಾಗೇ, ಕೊಬ್ಬಿನ ಅಂಗಾಂಶ ಸಣ್ಣ ಉರಿಯನ್ನು ಹೊತ್ತಿಸಿಯೇ ಇಟ್ಟಿರುತ್ತದೆ. ರುಮಟಾಯ್ಡ್ ಸಂಧಿವಾತದಂಥ ಉರಿಯೂತದ ಕಾಯಿಲೆಗಳು ಇನ್ನೊಂದು ಕಾರಣ. ಆಪರೇಷನ್ ಮಾಡಿ ಗುಲ್ಮ, ಅಂದರೆ ಸ್ಪ್ಲೀನ್, ತೆಗೆದಿದ್ದರೆ ಕೌಂಟ್ ಮೇಲೆಯೇ ನಿಲ್ಲಬಹುದು. ಹಿಂದಿನ ಐದಾರು ವರ್ಷದ ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟೋ ಟೆಸ್ಟ್ ಉಳಿಯುತ್ತದೆ. ಹಳೆಯ ರಿಪೋರ್ಟ್ ಬಿಸಾಡಬೇಡಿ ಎಂದು ನಾನು ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ.

ಇನ್ನು ಆಂಟಿಬಯಾಟಿಕ್. ಕೌಂಟ್ ಜಾಸ್ತಿ ಇದ್ದ ಮಾತ್ರಕ್ಕೆ ಸೋಂಕು ಎನ್ನಲಾಗದು ಎಂಬುದನ್ನು ನೋಡಿದೆವು. ಕೌಂಟ್ ಜಾಸ್ತಿ ಇಲ್ಲ ಎಂದರೆ ಸೋಂಕು ಇಲ್ಲ ಎಂಬುದೂ ಸುಳ್ಳು. ಟೈಫಾಯ್ಡ್ ಬ್ಯಾಕ್ಟೀರಿಯಾದ ಕಾಯಿಲೆ, ಅದರಲ್ಲಿ ಕೌಂಟ್ ಎಷ್ಟೋ ಸಲ ನಾರ್ಮಲ್, ಇಲ್ಲವೇ ಕಡಿಮೆ. ಡೆಂಗಿಯಲ್ಲಿ ಇಳಿಯುವುದೇ ವಾಡಿಕೆ. ಸೋಂಕು ರಕ್ತಕ್ಕೆ ಹರಡಿ ಸೆಪ್ಸಿಸ್ ಆದಾಗ ಕೆಲವರಲ್ಲಿ ಕೌಂಟ್ 4,000ಕ್ಕಿಂತ ಕೆಳಗೆ ಕುಸಿಯುತ್ತದೆ. ಅದು ಏರುವುದಕ್ಕಿಂತ ಕೆಟ್ಟ ಸೂಚನೆ. ವಯಸ್ಸಾದವರಲ್ಲಿ ಗಂಭೀರ ನ್ಯುಮೋನಿಯಾ ಇದ್ದೂ ಜ್ವರವೂ ಇಲ್ಲದೆ, ಕೌಂಟೂ ಏರದೆ, ಬರೀ ಮಂಕಾಗಿ ಮಲಗಿರುವುದುಂಟು. ಹಾಗಾಗಿ ಅಂಕಿಗೆ ಆಂಟಿಬಯಾಟಿಕ್ ಕೊಡುವುದು ಥರ್ಮಾಮೀಟರ್‌ಗೆ ಔಷಧಿ ಕುಡಿಸಿದ ಹಾಗೆ. ಇದರ ಲೆಕ್ಕ ಸಣ್ಣದಲ್ಲ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಎಂಬ ಅಂದಾಜಿದೆ. ಬೇಡದ ಕಡೆ ನುಂಗಿದ ಮಾತ್ರೆಗಳ ಪಾಲೂ ಅದರಲ್ಲಿದೆ.

ಚಿಕ್ಕಮ್ಮನ ಪ್ರಶ್ನೆ ಇನ್ನೂ ಬಾಕಿ ಇದೆ. ಕ್ಯಾನ್ಸರ್ ಅಲ್ಲ ತಾನೇ?

ಸೋಂಕೋ ರಕ್ತದ ಕಾಯಿಲೆಯೋ ಎಂಬ ಈ ಗೊಂದಲ ವೈದ್ಯರಿಗೇ ಇತ್ತು. 1845ರಲ್ಲಿ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್, ಗುಲ್ಮ ಊದಿ ಸತ್ತ ರೋಗಿಯ ರಕ್ತ ನೋಡಿ ಅದು ಕೀವು ತುಂಬಿದ ರಕ್ತ ಎಂದುಕೊಂಡರು. ಅದೇ ವರ್ಷ ಜರ್ಮನಿಯ ರುಡಾಲ್ಫ್ ವಿರ್ಕೋ ಅಂಥದ್ದೇ ರಕ್ತ ನೋಡಿ, ಇದು ಕೀವಲ್ಲ, ಬಿಳಿ ಕಣಗಳೇ ಮಿತಿಮೀರಿವೆ ಎಂದರು. 1847ರಲ್ಲಿ ಅವರೇ ಇದಕ್ಕೆ ಲ್ಯೂಕೀಮಿಯಾ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಬಿಳಿ ರಕ್ತ ಎಂದರ್ಥ. ನಾವು ಬ್ಲಡ್ ಕ್ಯಾನ್ಸರ್ ಎನ್ನುವುದು ಇದನ್ನೇ.

ಇವತ್ತು ಎರಡನ್ನೂ ಬೇರೆ ಮಾಡಲು ದಾರಿಗಳಿವೆ. ಸಿಎಂಎಲ್ ಎಂಬ ಲ್ಯೂಕೀಮಿಯಾದಲ್ಲಿ ಕೌಂಟ್ ಹಲವು ಹತ್ತು ಸಾವಿರಕ್ಕೆ, ಲಕ್ಷಕ್ಕೂ ಮೇಲೆ ಹೋಗಿರುತ್ತದೆ. ಸ್ಮಿಯರ್‌ನಲ್ಲಿ ಬೆಳವಣಿಗೆಯ ಎಲ್ಲ ಹಂತದ ಕಣಗಳೂ ಸಾಲಾಗಿ ಕಾಣುತ್ತವೆ. ಅಪರೂಪದ ಬೇಸೊಫಿಲ್ ಕೂಡ ಏರಿರುತ್ತದೆ. ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಕೈಗೆ ಸಿಗುತ್ತದೆ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುತ್ತದೆ. ಇದರ ಮೂಲ ಒಂದು ಕ್ರೋಮೋಸೋಮ್ ಎಡವಟ್ಟು. 1960ರಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಒಂದು ಗಿಡ್ಡ ಕ್ರೋಮೋಸೋಮ್ ಕಂಡರು. 1973ರಲ್ಲಿ ಜಾನೆಟ್ ರೌಲಿ, ಅದು 9 ಮತ್ತು 22ನೇ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡದ್ದು ಎಂದು ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನನ್ನೇ ಕಟ್ಟಿಹಾಕುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಕಾಲದಲ್ಲಿ ಕೆಲವೇ ವರ್ಷ ಬದುಕುತ್ತಿದ್ದವರು ಈಗ ದಿನಾ ಮಾತ್ರೆ ತೆಗೆದುಕೊಂಡು ಹೆಚ್ಚೂ ಕಡಿಮೆ ಎಲ್ಲರಷ್ಟೇ ಕಾಲ ಬದುಕುತ್ತಾರೆ. ಗೂಗಲ್‌ನ ಮೊದಲ ಪುಟ ಹೆದರಿಸುವಾಗ ಈ ಭಾಗ ಹೇಳುವುದಿಲ್ಲ.

ತೀವ್ರ ಲ್ಯೂಕೀಮಿಯಾದ ಮುಖವೇ ಬೇರೆ. ಅಲ್ಲಿ ಟೋಟಲ್ ಕೌಂಟ್ ಏರಿರಬಹುದು, ಇಳಿದೂ ಇರಬಹುದು. ಕಣ್ಣಿಟ್ಟು ನೋಡಬೇಕಾದದ್ದು ಪಕ್ಕದ ಸಾಲುಗಳು. ಹಿಮೋಗ್ಲೋಬಿನ್ ಕುಸಿದಿದೆಯಾ? ಪ್ಲೇಟ್‌ಲೆಟ್ ಕುಸಿದಿದೆಯಾ? ರಿಪೋರ್ಟಿನಲ್ಲಿ 'ಬ್ಲಾಸ್ಟ್' (ಮಜ್ಜೆಯಲ್ಲೇ ಇರಬೇಕಾದ ತೀರಾ ಎಳೆಯ ಕಣ) ಎಂಬ ಪದ ಇದೆಯಾ? ವಸಡಿನಲ್ಲಿ ರಕ್ತ, ಏಟಿಲ್ಲದೆ ಮೈಮೇಲೆ ನೀಲಿ ಕಲೆ, ಬಿಡದ ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕತ್ತಿನಲ್ಲೋ ಕಂಕುಳಲ್ಲೋ ಕರಗದ ಗಂಟು ಇದ್ದರೆ ಕೌಂಟ್ ಎಷ್ಟೇ ಇರಲಿ, ಬೇಗ ತೋರಿಸಬೇಕು. ಬ್ಲಾಸ್ಟ್ ಕಣಗಳು ತುಂಬಿ ಕೌಂಟ್ ಲಕ್ಷ ದಾಟಿದರೆ ರಕ್ತ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳಬಹುದು. ಉಸಿರು ಕಷ್ಟ, ಕಣ್ಣು ಮಂಜು, ಮಾತು ತೊದಲು. ಅದಕ್ಕೆ ಮಾರನೇ ದಿನದ ಅಪಾಯಿಂಟ್‌ಮೆಂಟ್ ಅಲ್ಲ, ಆ ಕ್ಷಣವೇ ಆಸ್ಪತ್ರೆ. ಹಾಗೆಂದು ದೊಡ್ಡ ಅಂಕಿ ಎಲ್ಲ ಕ್ಯಾನ್ಸರೂ ಅಲ್ಲ. ತೀವ್ರ ಸೋಂಕಿನಲ್ಲೂ 50,000 ದಾಟುವುದುಂಟು.

ಮಷೀನ್ ಬಗ್ಗೆ ಎರಡು ಮಾತು. ಈಗಿನ ಎಣಿಕೆ ಯಂತ್ರಗಳ ಬುನಾದಿ ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ವಿಧಾನ: ಕಣಗಳು ಸಣ್ಣ ತೂತಿನಲ್ಲಿ ಒಂದೊಂದಾಗಿ ಹಾದುಹೋಗುವಾಗ ವಿದ್ಯುತ್ ಹರಿವಿನಲ್ಲಿ ಆಗುವ ಏರುಪೇರನ್ನು ಎಣಿಸುವುದು. ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದ್ದರೆ, ನ್ಯೂಕ್ಲಿಯಸ್ ಇರುವ ಎಳೆ ಕೆಂಪು ಕಣಗಳಿದ್ದರೆ ಯಂತ್ರ ಅವನ್ನೂ ಬಿಳಿ ಕಣ ಎಂದು ಎಣಿಸಿಬಿಡಬಹುದು. ಅದಕ್ಕೇ ಅನುಮಾನ ಬಂದಾಗ ಒಬ್ಬ ಮನುಷ್ಯ ಸ್ಮಿಯರ್ ನೋಡಬೇಕು.

ಚಿಕ್ಕಮ್ಮನ ಡಾಕ್ಟರ್ ಮೂರು ವಾರ ಬಿಟ್ಟು ಮತ್ತೆ ಸಿಬಿಸಿ (ಇದೇ ರಕ್ತಕಣ ಎಣಿಸುವ ಪರೀಕ್ಷೆ), ಜೊತೆಗೆ ಸ್ಮಿಯರ್ ಬರೆದುಕೊಟ್ಟರು. ಆಂಟಿಬಯಾಟಿಕ್ ಬರೆಯಲಿಲ್ಲ. ಮೂರು ವಾರ ಕಳೆಯಿತು, ಮೆಸೇಜ್ ಬರಲಿಲ್ಲ. ನಾನೇ ಫೋನ್ ಮಾಡಿದೆ.

'ಓ, ಅದಾ? ಮಾಡಿಸಿದೆ. ಹನ್ನೊಂದು ಸಾವಿರದ ಇನ್ನೂರು. ಎಚ್ ಇನ್ನೂ ಇದೆ ಕಣೋ.'

'ಮತ್ತೆ ಕಳಿಸಲೇ ಇಲ್ಲ?'

'ಇಯೊಸಿನೊಫಿಲ್ ಏಳು ಬಂದಿದೆ. ಕಳಿಸೋದೇನು?'